ಭೀಮೆಯ ಆಮೆಗೆ ಚೆನ್ನೈನಲ್ಲಿ ನ್ಯಾಯ: ಹಸಿರು ನ್ಯಾಯಮಂಡಳಿಯ ಆನ್‌ಲೈನ್ ಅರ್ಜಿ ಸೇವೆ ನಮ್ಮ ಭಾಗದವರಿಗೆ ಎಷ್ಟು ಉಪಯೋಗ?

ಪರಿಸರ ವ್ಯಾಜ್ಯಗಳನ್ನು ವಿಚಾರಿಸುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಅರ್ಜಿ ಹಾಕಲು ಕಲಬುರಗಿ, ಯಾದಗಿರಿ, ಬೀದರದವರು ಈಗ ಮದ್ರಾಸ್ ಕಡೆಯ ರೈಲು ಹತ್ತಬೇಕಿಲ್ಲ. ಕರ್ನಾಟಕ ದಕ್ಷಿಣ ವಲಯ ಪೀಠದ ವ್ಯಾಪ್ತಿಗೆ ಬರುತ್ತದೆ. ಆ ಪೀಠ ಇರುವುದು ಚೆನ್ನೈನ ಚೇಪಾಕ್‌ನಲ್ಲಿ. ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಅರ್ಜಿ ಅಪ್‌ಲೋಡ್ ಮಾಡಬಹುದು, ವಿಡಿಯೊ ಕಾನ್ಫರೆನ್ಸ್ ಮೂಲಕ ವಿಚಾರಣೆಗೆ ಹಾಜರಾಗಬಹುದು, ವಕೀಲರನ್ನು ಇಟ್ಟುಕೊಳ್ಳದೆ ಅರ್ಜಿದಾರರೇ ಮಾತಾಡಬಹುದು. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಹಣ ಕೇಳಿದರೆ ಕೇಳಿದ ಮೊತ್ತದ ಶೇ 1, ಕನಿಷ್ಠ 1,000.

ಇಲ್ಲಿ ಈ ಸೇವೆಯನ್ನು ಒಂದೇ ಕಣ್ಣಿನಿಂದ ನೋಡಲಾಗಿದೆ: ಹೊಳೆಯಲ್ಲಿ ಬದುಕುವ, ಅಳಿವಿನ ಅಂಚಿಗೆ ಬಂದಿರುವ ಜೀವಿಗಳ ಪರವಾಗಿ ಕಾನೂನಿನ ಬಾಗಿಲು ತಟ್ಟುವವರಿಗೆ ಇದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ? ಉಸುಕು ಗಣಿಗಾರಿಕೆ ಮತ್ತು ಹೊಲಸು ನೀರಿನ ವಿಷಯದಲ್ಲಿ 1,000 ರೂಪಾಯಿಗೆ ಇದಕ್ಕಿಂತ ಬಲವಾದ ಸೇವೆ ದೇಶದಲ್ಲಿ ಇನ್ನೊಂದಿಲ್ಲ. ಬಲೆ ಹಾಕಿ ಆಮೆ ಹಿಡಿದು ಮಾರುವವರ ವಿರುದ್ಧವಾದರೆ ಇದು ತಪ್ಪು ಬಾಗಿಲು. ಈ ವ್ಯತ್ಯಾಸ ತಿಳಿಯದೆ ಹಾಕಿದ ಅರ್ಜಿಗೆ ಮೊದಲ ವಿಚಾರಣೆಯಲ್ಲೇ ‘ಇದು ನಮ್ಮ ವ್ಯಾಪ್ತಿಗೆ ಹೇಗೆ ಬರುತ್ತದೆ’ ಎಂಬ ಪ್ರಶ್ನೆ ಎದುರಾಗುತ್ತದೆ.

ಕಾರಣ ಕಾಯ್ದೆಯಲ್ಲೇ ಇದೆ. 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಏಳು ಕಾನೂನುಗಳಿವೆ: 1974ರ ಜಲ ಕಾಯ್ದೆ, 1977ರ ಜಲ ಸೆಸ್ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ, 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ, 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ, 2002ರ ಜೀವವೈವಿಧ್ಯ ಕಾಯ್ದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಪಟ್ಟಿಯಲ್ಲಿಲ್ಲ. ಆಮೆ, ನೀರುನಾಯಿ, ಮೊಸಳೆಗೆ ನೇರ ರಕ್ಷಣೆ ಕೊಡುವ ಕಾನೂನೇ ಹೊರಗೆ ನಿಂತಿದೆ. ಈ ಸೇವೆಯ ಅತಿ ದೊಡ್ಡ ಕೊರತೆ ಇದು. ಇದನ್ನು ತುಂಬಬೇಕಾದ್ದು ಸಂಸತ್ತು. ಪೋರ್ಟಲ್ ಎಷ್ಟು ಸುಧಾರಿಸಿದರೂ ತುಂಬದು.

ಹಾಗಂತ ಕೈಚೆಲ್ಲಿ ಕೂರಬೇಕಿಲ್ಲ. ಅದೇ ಕಾಯ್ದೆಯ 2(ಸಿ) ಕಲಮು ‘ಪರಿಸರ’ ಎಂದರೆ ನೀರು, ಗಾಳಿ, ನೆಲ ಮತ್ತು ಇವುಗಳಿಗೂ ಮನುಷ್ಯರಿಗೂ ಇತರ ಜೀವಿಗಳಿಗೂ ಇರುವ ಪರಸ್ಪರ ಸಂಬಂಧ ಎಂದು ಹೇಳುತ್ತದೆ. ‘ಇತರ ಜೀವಿಗಳು’ ಎಂಬ ಆ ಎರಡು ಪದ ಸಾಕು. ಅರ್ಜಿಯ ತಲೆಬರಹದಲ್ಲಿ ಆಮೆ ಇರಬಾರದು. ಉಸುಕೋ ನೀರೋ ಇರಬೇಕು. ಉಸುಕು ತೆಗೆಯಲು ಬೇಕಾದ ಪರಿಸರ ಅನುಮತಿ ಪರಿಸರ ಕಾಯ್ದೆಯಡಿ ಬರುತ್ತದೆ, ಹೊಲಸು ನೀರು ಜಲ ಕಾಯ್ದೆಯಡಿ ಬರುತ್ತದೆ. ಇವೆರಡರಿಂದ ಯಾವ ಜೀವಿಗೆ ಏನು ಹಾನಿ ಎಂಬುದು ‘ಗಂಭೀರ ಪರಿಣಾಮ’ ತೋರಿಸುವ ಸಾಕ್ಷ್ಯವಾಗಿ ಬರಬೇಕು.

ಈ ದಾರಿ ಕೆಲಸ ಮಾಡುತ್ತದೆ ಎನ್ನಲು ಅರುಣಾಚಲದ ತವಾಂಗ್ ಪ್ರಕರಣ ನೋಡಬಹುದು. ನ್ಯಾಮ್‌ಜಾಂಗ್ ಛು ಹೊಳೆಯ ಮೇಲೆ 780 ಮೆಗಾವಾಟ್ ಜಲವಿದ್ಯುತ್ ಯೋಜನೆಗೆ ಕೊಟ್ಟಿದ್ದ ಪರಿಸರ ಅನುಮತಿಯನ್ನು ನ್ಯಾಯಮಂಡಳಿ 2016ರ ಏಪ್ರಿಲ್ 7ರಂದು ಅಮಾನತಿನಲ್ಲಿಟ್ಟಿತು. ಚಳಿಗಾಲದಲ್ಲಿ ಆ ಹೊಳೆದಂಡೆಗೆ ಬರುವ ಕಪ್ಪುಕುತ್ತಿಗೆಯ ಕ್ರೌಂಚ ಹಕ್ಕಿಯನ್ನು ಪರಿಸರ ಪರಿಣಾಮ ವರದಿ ಸರಿಯಾಗಿ ಅಧ್ಯಯನ ಮಾಡಿರಲಿಲ್ಲ ಎಂಬುದು ಮುಖ್ಯ ಕಾರಣ. ಅಲ್ಲಿ ಹಕ್ಕಿ ವನ್ಯಜೀವಿ ಕಾಯ್ದೆಯ ಬಾಗಿಲಿನಿಂದ ಒಳಗೆ ಬಂದಿರಲಿಲ್ಲ, ಅನುಮತಿಯಲ್ಲಿದ್ದ ಲೋಪದ ಮೂಲಕ ಬಂದಿತ್ತು.

ನಮ್ಮ ಹೊಳೆಯಲ್ಲಿ ಅಂಥ ಜೀವಿ ಯಾವುದು? ಲೀತ್‌ನ ಮೆದುಚಿಪ್ಪಿನ ಆಮೆ. ಭಾರತದ ಪರ್ಯಾಯ ದ್ವೀಪದ ಹೊಳೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ್ದು. 1872ರಲ್ಲಿ ವಿಜ್ಞಾನಕ್ಕೆ ಇದರ ಪರಿಚಯವಾದದ್ದು ಪುಣೆಯಲ್ಲಿ ಸಿಕ್ಕ ಮಾದರಿಯಿಂದ. ಪುಣೆಯ ಮುಳಾ-ಮುಠಾ ಕೊನೆಗೆ ಭೀಮೆಗೇ ಸೇರುವ ನೀರು. 2022ರ ನವೆಂಬರ್‌ನಲ್ಲಿ ಪನಾಮಾದಲ್ಲಿ ನಡೆದ ಸೈಟೀಸ್ (ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ಸಮ್ಮೇಳನದಲ್ಲಿ ಭಾರತದ ಪ್ರಸ್ತಾವದ ಮೇರೆಗೆ ಇದನ್ನು ಎರಡನೇ ಅನುಬಂಧದಿಂದ ಮೊದಲನೇ ಅನುಬಂಧಕ್ಕೆ ಏರಿಸಲಾಯಿತು. ಅಂದರೆ ಲಾಭಕ್ಕಾಗಿ ನಡೆಯುವ ಅಂತರರಾಷ್ಟ್ರೀಯ ವ್ಯಾಪಾರ ಬಂದ್. ಇದರ ಜೊತೆಗೆ ನುಣುಪುಗೂದಲಿನ ನೀರುನಾಯಿ 2019ರಿಂದ ಸೈಟೀಸ್ ಮೊದಲ ಅನುಬಂಧದಲ್ಲಿದೆ. ಕೃಷ್ಣೆಯ ಮೊಸಳೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ.

ಪಟ್ಟಿಯ ವಿಷಯದಲ್ಲಿ ಅರ್ಜಿಗಳು ಎಡವುವುದು ಹೆಚ್ಚು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ವನ್ಯಜೀವಿ ಕಾಯ್ದೆಯ ಆರು ಪಟ್ಟಿಗಳು ನಾಲ್ಕಾದವು. ಮೊದಲೆರಡು ಪ್ರಾಣಿಗಳದು, ಮೂರನೆಯದು ಸಸ್ಯಗಳದು, ನಾಲ್ಕನೆಯದು ಸೈಟೀಸ್ ಪಟ್ಟಿ. ಲೀತ್‌ನ ಆಮೆ ತಿದ್ದುಪಡಿಗೆ ಮೊದಲು ನಾಲ್ಕನೇ ಪಟ್ಟಿಯಲ್ಲಿತ್ತು. ಹಳೆಯ ಲೇಖನದಿಂದಲೋ ಹಳೆಯ ಆದೇಶದಿಂದಲೋ ‘ನಾಲ್ಕನೇ ಪಟ್ಟಿ’ ಎಂದು ನಕಲು ಮಾಡಿದರೆ ಈಗ ಅದರ ಅರ್ಥವೇ ಬೇರೆ. ಎದುರು ವಕೀಲರು ಇಂಥ ಒಂದು ತಪ್ಪನ್ನು ಹಿಡಿದು ಇಡೀ ಅರ್ಜಿ ನಂಬಿಕೆಗೆ ಅರ್ಹವಲ್ಲ ಎನ್ನುತ್ತಾರೆ. ತಿದ್ದುಪಡಿಯಾದ ಕಾಯ್ದೆಯ ಪ್ರತಿ ತೆಗೆದು, ಪ್ರಾಣಿಯ ವೈಜ್ಞಾನಿಕ ಹೆಸರಿನಿಂದ ಹುಡುಕಿ, ಆ ಪುಟವನ್ನೇ ಅಡಕಕ್ಕೆ ಸೇರಿಸಬೇಕು. ಊರ ಹೆಸರಿನಿಂದ ಹುಡುಕಿದರೆ ಸಿಗುವುದಿಲ್ಲ. ಎಲ್ಲ ಆಮೆಗೂ ನಮ್ಮಲ್ಲಿ ಆಮೆ ಎಂದೇ ಹೆಸರು.

ಇನ್ನು ಉಸುಕು. ಭೀಮೆಯ ಮಟ್ಟಿಗೆ ಈ ಸೇವೆಯ ಅಸಲಿ ಬಲ ತೋರುವುದು ಇಲ್ಲೇ.

ಮೆದುಚಿಪ್ಪಿನ ಆಮೆ ತಳದ ಉಸುಕಿನಲ್ಲಿ ಮೈ ಹುದುಗಿಸಿಕೊಂಡು ಮೂತಿ ಮಾತ್ರ ಹೊರಗಿಟ್ಟು ಕೂರುತ್ತದೆ, ದಂಡೆಯ ಮಣ್ಣು-ಉಸುಕಿನಲ್ಲಿ ಮೊಟ್ಟೆ ಇಡುತ್ತದೆ. ಮೊಸಳೆ ಫೆಬ್ರುವರಿಯಿಂದ ಏಪ್ರಿಲ್ ನಡುವೆ ದಂಡೆಯಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ, ಸುಮಾರು ಎರಡು ತಿಂಗಳಿಗೆ ಮರಿ ಹೊರಬರುತ್ತವೆ. ನೀರುನಾಯಿಗೆ ಬಿಲಕ್ಕೆ ಗಟ್ಟಿ ದಂಡೆ, ಬಂಡೆಗಳ ಸಂದು, ಜೊಂಡು ಬೇಕು. ಹೊಳೆ ಇಳಿದು ಉಸುಕು ಕಾಣುವುದೂ ಟಿಪ್ಪರ್, ಹಿಟಾಚಿ ಇಳಿಯುವುದೂ ಅದೇ ಬೇಸಿಗೆಯಲ್ಲಿ. ಅರ್ಜಿಯಲ್ಲಿ ಈ ತಿಂಗಳುಗಳ ಹೊಂದಾಣಿಕೆಯನ್ನು ಒಂದು ಚಿಕ್ಕ ಪಟ್ಟಿ ಮಾಡಿ ತೋರಿಸಿದರೆ ಹತ್ತು ಪುಟದ ವರ್ಣನೆಗಿಂತ ಬೇಗ ಮುಟ್ಟುತ್ತದೆ. ಮಧ್ಯಂತರ ತಡೆ ಯಾಕೆ ಈಗಲೇ ಬೇಕು ಎಂಬ ಪ್ರಶ್ನೆಗೂ ಅದೇ ಉತ್ತರ.

2012ರ ಫೆಬ್ರುವರಿ 27ರಂದು ಸುಪ್ರೀಂ ಕೋರ್ಟ್ ದೀಪಕ್ ಕುಮಾರ್ ಪ್ರಕರಣದಲ್ಲಿ, ಐದು ಹೆಕ್ಟೇರಿಗಿಂತ ಚಿಕ್ಕ ಗಣಿಗೂ ಪರಿಸರ ಅನುಮತಿ ಬೇಕೆಂದಿತು. 2016ರ ಸುಸ್ಥಿರ ಉಸುಕು ಗಣಿಗಾರಿಕೆ ಮಾರ್ಗಸೂಚಿ ಅಳತೆಗಳನ್ನು ಕೊಟ್ಟಿದೆ: ಆಳ 3 ಮೀಟರ್ ಅಥವಾ ನೀರಿನ ಮಟ್ಟ, ಯಾವುದು ಕಡಿಮೆಯೋ ಅದು, ದಂಡೆಯಿಂದ ಹೊಳೆಯ ಅಗಲದ ಕಾಲುಭಾಗ ಬಿಡಬೇಕು, ಅದು 7.5 ಮೀಟರಿಗಿಂತ ಕಡಿಮೆ ಇರಬಾರದು. 2020ರ ಮೇಲ್ವಿಚಾರಣಾ ಮಾರ್ಗಸೂಚಿಯೂ ಇದೆ. ಅಫಜಲಪುರ, ಜೇವರ್ಗಿ ಕಡೆಯ ಭೀಮೆಯಲ್ಲಿ ಯಾವುದೇ ಗುತ್ತಿಗೆ ಪ್ರದೇಶ ನೋಡಲು ಹೋದರೂ ಕೈಯಲ್ಲಿ ಈ ಮೂರು ಅಳತೆ ಇರಬೇಕು. ಅಳೆಯಲು ಟೇಪು ಬೇಕಿಲ್ಲ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಪುಕ್ಕಟೆ ಸಿಗುತ್ತವೆ, ಸುಮಾರು ಐದು ದಿನಕ್ಕೊಮ್ಮೆ ಹೊಸದು ಬರುತ್ತದೆ, ಒಂದು ಚುಕ್ಕೆ ಎಂದರೆ ನೆಲದ ಮೇಲೆ 10 ಮೀಟರ್. ದಂಡೆಯಿಂದ ಬಿಡಬೇಕಾದ ಅಂತರ, ಹೊಳೆಯೊಳಗೆ ಹಾಕಿದ ಅಡ್ಡರಸ್ತೆ, ನೀರಿನೊಳಗೇ ತೋಡಿದ ಗುಂಡಿ ಇದರಲ್ಲಿ ಕಾಣುತ್ತವೆ. ಆಳ ಕಾಣುವುದಿಲ್ಲ. ಆಳದ ಬಗ್ಗೆ ಆರೋಪ ಮಾಡಿ ಉಪಗ್ರಹ ಚಿತ್ರ ಜೋಡಿಸುವುದು ಮೇಲಿಂದ ಮೇಲೆ ಕಾಣುವ ತಪ್ಪು. ಆಳಕ್ಕೆ ಜಂಟಿ ಸಮಿತಿಯಿಂದ ಸ್ಥಳ ಪರಿಶೀಲನೆ ಮಾಡಿಸಬೇಕೆಂದು ಕೋರಿಕೆ ಇಡಬೇಕು. ನ್ಯಾಯಮಂಡಳಿ ಇಂಥ ಸಮಿತಿಗಳನ್ನು ಸಾಮಾನ್ಯವಾಗಿ ನೇಮಿಸುತ್ತದೆ, ಬಹಳಷ್ಟು ಪ್ರಕರಣಗಳ ಹಣೆಬರಹ ಆ ವರದಿಯ ಮೇಲೇ ನಿಂತಿರುತ್ತದೆ. ಸಮಿತಿಯಲ್ಲಿ ಅರಣ್ಯ ಇಲಾಖೆಯ ವನ್ಯಜೀವಿ ವಿಭಾಗದವರೊಬ್ಬರು ಇರಬೇಕು ಎಂದು ಅರ್ಜಿಯಲ್ಲೇ ಕೇಳಿಕೊಳ್ಳಿ. ಕೇಳದಿದ್ದರೆ ಗಣಿ, ಕಂದಾಯ, ಮಾಲಿನ್ಯ ಮಂಡಳಿಯವರು ಹೋಗಿ ಗುಂಡಿ ಅಳೆದು ಬರುತ್ತಾರೆ. ಗೂಡು ನೋಡಲು ಯಾರೂ ಇರುವುದಿಲ್ಲ.

ಗೂಡಿನ ಸ್ಥಳದ ಬಗ್ಗೆ ಒಂದು ಎಚ್ಚರಿಕೆ. ಜಿಪಿಎಸ್ ಅಂಕಿ ಸಮೇತ ಆಮೆಯ, ನೀರುನಾಯಿಯ ಜಾಗವನ್ನು ಅರ್ಜಿಯಲ್ಲಿ ಹಾಕಿದರೆ ಅದು ಎಲ್ಲ ಪ್ರತಿವಾದಿಗಳ ಕೈಗೂ ಹೋಗುತ್ತದೆ. ಬೇಟೆಗಾರರಿಗೆ ನಕಾಶೆ ಕೊಟ್ಟಂತೆ. ಅರ್ಜಿಯಲ್ಲಿ ಹಳ್ಳಿಯ ಹೆಸರು ಮತ್ತು ಹೊಳೆಯ ಉದ್ದವಷ್ಟೇ ಇರಲಿ, ನಿಖರ ಅಂಕಿಗಳನ್ನು ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸಲು ಅನುಮತಿ ಕೋರಬೇಕು. ಫೋಟೊ ಅಂತರ್ಜಾಲಕ್ಕೆ ಹಾಕುವ ಮುನ್ನ ಅದರೊಳಗೆ ಅಡಗಿರುವ ಸ್ಥಳ ಮಾಹಿತಿ ತೆಗೆಯಬೇಕು, ಮೂಲ ಫೈಲನ್ನು ಮಾತ್ರ ಮುಟ್ಟದೆ ಇಟ್ಟುಕೊಳ್ಳಬೇಕು. ನ್ಯಾಯಮಂಡಳಿ ಸಾಕ್ಷ್ಯ ಕಾನೂನಿಗೆ ಕಟ್ಟುಬಿದ್ದಿಲ್ಲ (19ನೇ ಕಲಮು ಹಾಗೆ ಹೇಳುತ್ತದೆ), ಆದರೂ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನು ಫೋಟೊ, ವಿಡಿಯೊಗಳ ಜೊತೆ ಇಡುವುದು ಒಳ್ಳೆಯದು. ನಾಳೆ ಇದೇ ಕಡತ ಹೈಕೋರ್ಟಿಗೋ ಮ್ಯಾಜಿಸ್ಟ್ರೇಟರ ಮುಂದೋ ಹೋದರೆ ಬೇಕಾಗುತ್ತದೆ.

ಹೊಲಸು ನೀರಿನ ಪ್ರಕರಣದ ಕಷ್ಟ ಬೇರೆ ತರಹದ್ದು. ಅರ್ಜಿದಾರರು ಹೊಳೆಯಿಂದ ಬಾಟಲಿಯಲ್ಲಿ ನೀರು ತುಂಬಿ ಖಾಸಗಿ ಪ್ರಯೋಗಾಲಯಕ್ಕೆ ಕೊಟ್ಟು ವರದಿ ತರುತ್ತಾರೆ. ಜಲ ಕಾಯ್ದೆಯ 21ನೇ ಕಲಮಿನ ಪ್ರಕಾರ ಕಾರ್ಖಾನೆಯ ಹೊರಹರಿವಿನ ಮಾದರಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೇ ತೆಗೆಯಬೇಕು, ನೋಟಿಸ್ ಕೊಡಬೇಕು, ಎರಡು ಭಾಗ ಮಾಡಿ ಸೀಲು ಹಾಕಬೇಕು. ಈ ಕ್ರಮ ತಪ್ಪಿದರೆ ಫಲಿತಾಂಶ ಸಾಕ್ಷ್ಯವಾಗುವುದಿಲ್ಲ. ಖಾಸಗಿ ವರದಿಯ ಉಪಯೋಗ ಒಂದೇ, ‘ಪರೀಕ್ಷೆ ಮಾಡಿಸಿ’ ಎಂದು ಕೇಳಲು ಆಧಾರ. ಅಷ್ಟಕ್ಕೇ ಬಳಸಿದರೆ ಬಲ, ರುಜುವಾತು ಎಂದು ಬಳಸಿದರೆ ಬಲಹೀನತೆ.

ಅದಕ್ಕಿಂತ ಗಟ್ಟಿಯಾದ ಆಧಾರ ಸರ್ಕಾರದ ಬಳಿಯೇ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊಳೆ ನೀರನ್ನು ಉಪಯೋಗದ ಮೇಲೆ ಎ ಯಿಂದ ಇ ವರೆಗೆ ವರ್ಗ ಮಾಡಿದೆ. ಡಿ ವರ್ಗ ಎಂದರೆ ವನ್ಯಜೀವಿ ಮತ್ತು ಮೀನುಗಾರಿಕೆಗೆ ತಕ್ಕ ನೀರು: ಪಿಎಚ್ 6.5ರಿಂದ 8.5, ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಹೆಚ್ಚು, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಅಥವಾ ಕಡಿಮೆ. ರಾಜ್ಯ ಮಂಡಳಿ ಹೊಳೆಗಳ ಮೇಲ್ವಿಚಾರಣಾ ಕೇಂದ್ರಗಳ ಅಂಕಿಗಳನ್ನು ಇದೇ ವರ್ಗಗಳಲ್ಲಿ ಪ್ರಕಟಿಸುತ್ತದೆ. ಭೀಮೆಯ ಒಂದು ಕೇಂದ್ರ ಯಾವುದಾದರೂ ತಿಂಗಳು ಇ ವರ್ಗಕ್ಕೆ ಇಳಿದಿದ್ದರೆ, ನೀರು ವನ್ಯಜೀವಿಗೆ ತಕ್ಕದ್ದಲ್ಲ ಎಂದು ಮಂಡಳಿಯೇ ಒಪ್ಪಿದಂತೆ. ಮೆದುಚಿಪ್ಪಿನ ಆಮೆಗಳು ಚರ್ಮ ಮತ್ತು ಗಂಟಲಿನ ಒಳಪದರದ ಮೂಲಕವೂ ನೀರಿನ ಆಮ್ಲಜನಕ ಹೀರುತ್ತವೆ. ಈ ಒಂದು ವಾಕ್ಯವನ್ನು ತಜ್ಞರ ಪ್ರಮಾಣಪತ್ರದ ಜೊತೆ ಇಟ್ಟರೆ ಆ ಅಂಕಿಗೂ ಆಮೆಗೂ ಸಂಬಂಧ ಕೂಡುತ್ತದೆ.

ಕೆರೆಗಳ ವಿಷಯದಲ್ಲಿ ಈ ದಾರಿ ಇಷ್ಟು ನೇರವಿಲ್ಲ. 2017ರ ಜೌಗು ಪ್ರದೇಶ ನಿಯಮಗಳು ಪರಿಸರ ಕಾಯ್ದೆಯಡಿ ಬಂದಿರುವುದರಿಂದ ನ್ಯಾಯಮಂಡಳಿಗೆ ಅಧಿಕಾರವಿದೆ. ಆದರೆ ಆ ನಿಯಮಗಳ ವ್ಯಾಖ್ಯೆಯೇ ಹೊಳೆಯ ಪಾತ್ರವನ್ನು, ಗದ್ದೆಗಳನ್ನು, ಕುಡಿಯುವ ನೀರಿಗೆ ಅಥವಾ ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನು ಹೊರಗಿಡುತ್ತದೆ. ಸುರಪುರದ ಬೋನಾಳ ಕೆರೆ ಆಗಲಿ, ಬೀದರದ ಕಾರಂಜಾ ಜಲಾಶಯ ಆಗಲಿ, ಹಕ್ಕಿಗಳು ಎಷ್ಟೇ ಬರಲಿ, ‘ಇದು ನೀರಾವರಿಗೆ ಕಟ್ಟಿದ್ದು’ ಎಂಬ ಉತ್ತರ ಎದುರಿನಿಂದ ಬರುವುದು ಖಚಿತ. ಜೌಗು ನಿಯಮವೊಂದನ್ನೇ ನಂಬಬೇಡಿ; ಕೆರೆಗೆ ಬೀಳುವ ಹೊಲಸಿದ್ದರೆ ಜಲ ಕಾಯ್ದೆಯಿಂದ ಹೋಗಿ.

ಸಮಯದ ಲೆಕ್ಕ ತಪ್ಪಿ ಬಿದ್ದುಹೋಗುವ ಅರ್ಜಿಗಳು ಬಹಳ. ಹಸಿರು ನ್ಯಾಯಮಂಡಳಿ ಕಾಯ್ದೆಯ 14ನೇ ಕಲಮಿನಡಿ, ವ್ಯಾಜ್ಯಕಾರಣ (ದೂರಿಗೆ ಆಧಾರವಾದ ಘಟನೆ) ಮೊದಲ ಬಾರಿಗೆ ಹುಟ್ಟಿದ ದಿನದಿಂದ 6 ತಿಂಗಳು. ತಕ್ಕ ಕಾರಣ ತೋರಿಸಿದರೆ ಇನ್ನು 60 ದಿನ. ‘ಮೊದಲ ಬಾರಿಗೆ’ ಎಂಬ ಪದವೇ ಮುಳ್ಳು. ‘ಮೂರು ವರ್ಷದಿಂದ ಉಸುಕು ತೆಗೆಯುತ್ತಿದ್ದಾರೆ’ ಎಂದು ಸಿಟ್ಟಿನಲ್ಲಿ ಬರೆದ ಮೊದಲ ಸಾಲೇ ಅರ್ಜಿಯ ಕುತ್ತಿಗೆಗೆ ಬರುತ್ತದೆ. ಈ ಹಂಗಾಮಿನ ಹೊಸ ಗುತ್ತಿಗೆ, ಹೊಸ ಅನುಮತಿ, ಹೊಸ ಉಲ್ಲಂಘನೆಯ ದಿನಾಂಕ ಹಿಡಿದು ಅಲ್ಲಿಂದ ಎಣಿಸಬೇಕು. ಹಾಳಾದ ದಂಡೆಯನ್ನು ಮೊದಲಿನಂತೆ ಮಾಡಿಸಿಕೊಡಿ ಎಂದು 15ನೇ ಕಲಮಿನಡಿ ಕೇಳಲು 5 ವರ್ಷದ ಅವಧಿ ಇದೆ. ತಿಳಿದ ವಕೀಲರು ಎರಡೂ ಕಲಮು ಸೇರಿಸಿ ಬರೆಯುತ್ತಾರೆ.

ಪರಿಸರ ಅನುಮತಿಯನ್ನೇ ಪ್ರಶ್ನಿಸುವುದಾದರೆ 16ನೇ ಕಲಮಿನ ಮೇಲ್ಮನವಿ. ಅದಕ್ಕೆ 30 ದಿನ, ಕಾರಣ ಕೊಟ್ಟರೆ ಇನ್ನು 60. ಒಟ್ಟು 90 ದಾಟಿದ ಮೇಲೆ ಒಂದು ದಿನವೂ ಇಲ್ಲ. ಇಲ್ಲೊಂದು ಬಲೆ ಇದೆ. ಅನುಮತಿ ಪತ್ರದ ಪ್ರತಿಗಾಗಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಉತ್ತರಕ್ಕೇ 30 ದಿನದ ಅವಕಾಶವಿದೆ. ಮೇಲ್ಮನವಿಯ ಮೊದಲ ಅವಧಿ ಅಷ್ಟರಲ್ಲೇ ಮುಗಿದಿರುತ್ತದೆ. ಮೊದಲು ಪರಿವೇಶ್ ಪೋರ್ಟಲ್ ನೋಡಬೇಕು. 2018ರ ಆಗಸ್ಟ್‌ನಿಂದ ಇರುವ ಈ ಜಾಲತಾಣದಲ್ಲಿ ರಾಜ್ಯ ಪರಿಸರ ಪರಿಣಾಮ ಪ್ರಾಧಿಕಾರದ ಅನುಮತಿಗಳು ಸಿಗುತ್ತವೆ, ಡೌನ್‌ಲೋಡ್ ಮಾಡಿದ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ಇಡಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಅನುಮತಿಯ ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಡಬೇಕು, ಪಂಚಾಯಿತಿ 30 ದಿನ ಪ್ರದರ್ಶಿಸಬೇಕು. ಪ್ರದರ್ಶಿಸಿಲ್ಲ ಎಂದು ಪಿಡಿಒ ಅವರಿಂದ ಲಿಖಿತವಾಗಿ ಸಿಕ್ಕರೆ ‘ನಮಗೆ ತಿಳಿದ ದಿನ’ ಯಾವುದು ಎಂಬ ವಾದಕ್ಕೆ ಅದು ಭಾರಿ ಬೆಂಬಲ.

ಮಾಹಿತಿ ಹಕ್ಕು ಬೇಡವೆಂದಲ್ಲ. ಅನುಮತಿಯ ಷರತ್ತು ಪಾಲಿಸಿದ ಬಗ್ಗೆ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕಾದ ಅರ್ಧವಾರ್ಷಿಕ ವರದಿ, ಜಿಲ್ಲಾ ಉಸುಕು ಸಮೀಕ್ಷಾ ವರದಿ, ರಾಯಲ್ಟಿ ಪಾಸ್‌ಗಳ ಲೆಕ್ಕ, ಇವೆಲ್ಲ ಅದರಿಂದಲೇ ಬರಬೇಕು. ಕರ್ನಾಟಕದ ನಿಯಮದಂತೆ ಶುಲ್ಕ 10 ರೂಪಾಯಿ, ಪುಟಕ್ಕೆ 2 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಮೂರು ದಾಖಲೆ ಬೇಕಿದ್ದರೆ ಮೂರು ಅರ್ಜಿ ಹಾಕಿ. ಒಂದರಲ್ಲೇ ತುರುಕಿದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ.

ಅರ್ಜಿಯ ಕಟ್ಟು ಹೇಗಿರಬೇಕು? ಪುಟಸಂಖ್ಯೆ ಸಮೇತ ಪರಿವಿಡಿ, ಸಾರಾಂಶ, ದಿನಾಂಕಗಳ ಪಟ್ಟಿ, ಪಕ್ಷಗಾರರ ವಿವರ, ನಿಯಮಗಳ ನಮೂನೆಯಲ್ಲಿ ಅರ್ಜಿ, ಕಾಲಮಿತಿಯೊಳಗಿದೆ ಎಂಬ ಪ್ರತ್ಯೇಕ ಪ್ಯಾರಾ, ಕೋರಿಕೆ, ದೃಢೀಕರಣ, ನೋಟರಿ ಮಾಡಿಸಿದ ಅಫಿಡವಿಟ್, ಅಡಕಗಳು, ಶುಲ್ಕದ ರಸೀದಿ, ವಕೀಲರಿದ್ದರೆ ವಕಾಲತ್ತು. ರಿಜಿಸ್ಟ್ರಿ ಆಕ್ಷೇಪ ಎತ್ತಿ ಹಿಂದಕ್ಕೆ ಕಳಿಸುವುದು ಹೆಚ್ಚಾಗಿ ಸಣ್ಣ ಕಾರಣಗಳಿಗೆ: ಝೆರಾಕ್ಸ್‌ನ ಝೆರಾಕ್ಸ್ ತೆಗೆದು ಓದಲು ಬಾರದ ಅಡಕ, ಸಹಿಯಿಲ್ಲದ ಪುಟ, ಪರಿವಿಡಿಗೂ ಪುಟಸಂಖ್ಯೆಗೂ ತಾಳೆ ಇಲ್ಲದಿರುವುದು, ಕನ್ನಡ ದಾಖಲೆಗೆ ಇಂಗ್ಲಿಷ್ ಅನುವಾದ ಇಲ್ಲದಿರುವುದು.

ಈ ಕೊನೆಯದರ ಬಗ್ಗೆ ಒಂದು ಮಾತು ಹೇಳಲೇಬೇಕು. ನ್ಯಾಯಮಂಡಳಿಯ ವ್ಯವಹಾರ ಇಂಗ್ಲಿಷಿನಲ್ಲಿ. ಪಹಣಿ, ಪಂಚನಾಮೆ, ಪಂಚಾಯಿತಿ ಠರಾವು, ಗಣಿ ಇಲಾಖೆಯ ನೋಟಿಸು, ಪತ್ರಿಕೆಯ ಸುದ್ದಿ, ನಮ್ಮಲ್ಲಿ ಹುಟ್ಟುವ ದಾಖಲೆಯೆಲ್ಲ ಕನ್ನಡದ್ದು. 1,000 ರೂಪಾಯಿ ಶುಲ್ಕದ ಸೇವೆಗೆ ಅನುವಾದ, ಟೈಪಿಂಗ್, ನೋಟರಿಯ ಖರ್ಚು ಅದರ ಹಲವು ಪಟ್ಟು ಆಗುತ್ತದೆ. ಹೊಳೆದಂಡೆಯ ಮೀನುಗಾರನಿಗಿಂತ ಚೆನ್ನಾಗಿ ಆಮೆಯ ಜಾಗ ಬಲ್ಲವರಿಲ್ಲ. ಅವನ ಹೇಳಿಕೆ ಅವನಿಗೇ ಓದಲು ಬಾರದ ಭಾಷೆಯಲ್ಲಿ ಅಫಿಡವಿಟ್ ಆಗುವುದು ಈ ವ್ಯವಸ್ಥೆಯ ದೊಡ್ಡ ಅನ್ಯಾಯ. ಅಫಿಡವಿಟ್ ಅನ್ನು ಕನ್ನಡದಲ್ಲೇ ಬರೆಸಿ, ಓದಿ ಹೇಳಿ, ಸಹಿ ಹಾಕಿಸಿ, ಮೇಲೆ ಅನುವಾದ ಜೋಡಿಸುವುದು ಸರಿಯಾದ ಕ್ರಮ. ನೇರ ಇಂಗ್ಲಿಷಿನಲ್ಲಿ ಬರೆಸಿದ ಹೇಳಿಕೆ ಮುಂದೆ ‘ನಾನು ಹಾಗೆ ಹೇಳಿಲ್ಲ’ ಎಂಬಲ್ಲಿಗೆ ಬಂದು ನಿಲ್ಲುವ ಅಪಾಯವಿದೆ.

ನ್ಯಾಯಮಂಡಳಿಯ ಕಾರ್ಯವಿಧಾನ ನಿಯಮಗಳ ನಿಯಮ 14ರ ಪ್ರಕಾರ ಒಂದು ಅರ್ಜಿ ಒಂದೇ ವ್ಯಾಜ್ಯಕಾರಣದ ಮೇಲೆ ನಿಲ್ಲಬೇಕು. ಅಫಜಲಪುರದ ಉಸುಕು, ಊರ ಚರಂಡಿ, ಕಾರ್ಖಾನೆಯ ನೀರು ಮೂರನ್ನೂ ‘ಭೀಮೆ ಉಳಿಸಿ’ ಎಂದು ಒಂದೇ ಕಟ್ಟಿನಲ್ಲಿ ಹಾಕುವಂತಿಲ್ಲ. ಯಾವ ಪೀಠ ಎಂಬುದೂ ಯೋಚಿಸಬೇಕಾದ್ದೇ. ಮಹಾರಾಷ್ಟ್ರ ಪಶ್ಚಿಮ ವಲಯಕ್ಕೆ, ಪುಣೆ ಪೀಠಕ್ಕೆ ಸೇರುತ್ತದೆ. ಸೊಲ್ಲಾಪುರ ಕಡೆಯಿಂದ ಭೀಮೆಯಲ್ಲಿ ಹೊಲಸು ಹರಿದು ಬಂದು ಕಲಬುರಗಿ ಜಿಲ್ಲೆಯಲ್ಲಿ ಹಾನಿಯಾದರೆ ವ್ಯಾಜ್ಯಕಾರಣ ಎರಡೂ ಕಡೆ ಭಾಗಶಃ ಹುಟ್ಟಿದೆ. ಹಾನಿ ಇಲ್ಲಿ ಆದದ್ದು ಎಂದು ಸ್ಪಷ್ಟವಾಗಿ ಬರೆದರೆ ಚೆನ್ನೈನಲ್ಲಿ ಹಾಕಲು ಆಧಾರವಿದೆ. ಬೀದರದ ಮಾಂಜ್ರಾ ಮೇಲ್ಭಾಗದಲ್ಲಿ ಮಹಾರಾಷ್ಟ್ರದ್ದು, ಕೆಳಗೆ ತೆಲಂಗಾಣದ್ದು. ತೆಲಂಗಾಣ ನಮ್ಮದೇ ಪೀಠದ ವ್ಯಾಪ್ತಿಯಲ್ಲಿರುವುದರಿಂದ ಕೆಳಗಿನ ದಿಕ್ಕಿಗೆ ತೊಡಕಿಲ್ಲ.

ಜೀವವೈವಿಧ್ಯ ಕಾಯ್ದೆಯ ದಾರಿಯನ್ನು ನಮ್ಮ ಕಡೆ ಯಾರೂ ಸರಿಯಾಗಿ ಬಳಸುತ್ತಿಲ್ಲ. ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. 2020ರ ಜನವರಿ 31ರೊಳಗೆ ಇದು ಮುಗಿಯಬೇಕೆಂದು ಇದೇ ನ್ಯಾಯಮಂಡಳಿ ಗಡುವು ಹಾಕಿತ್ತು. ಹೊಳೆದಂಡೆಯ ಪಂಚಾಯಿತಿಯ ದಾಖಲಾತಿಯಲ್ಲಿ ಆಮೆ, ನೀರುನಾಯಿ ನಮೂದಾಗಿದ್ದರೆ, ‘ಇಲ್ಲಿ ಅಂಥ ಜೀವಿಯೇ ಇಲ್ಲ’ ಎಂಬ ಯೋಜನಾ ವರದಿಯ ಸಾಲಿಗೆ ಸರ್ಕಾರಿ ದಾಖಲೆಯೇ ಉತ್ತರ. ನಮೂದಾಗಿಲ್ಲದಿದ್ದರೆ ಗುತ್ತಿಗೆ ಬರುವ ಮುನ್ನವೇ ಸಮಿತಿಯ ಸಭೆಯಲ್ಲಿ ಸೇರಿಸಲು ಕೇಳಬೇಕು. ಪ್ರಕರಣ ಶುರುವಾದ ಮೇಲೆ ಸೇರಿಸಿದ್ದಕ್ಕೆ ಬೆಲೆ ಕಡಿಮೆ.

ಈ ಸೇವೆ ಮುಟ್ಟದ ಕಡೆ ಏನು ಮಾಡಬೇಕು? ಆಮೆ ಹಿಡಿದು ಮಾರುವುದು, ನೀರುನಾಯಿ ಕೊಲ್ಲುವುದು ವನ್ಯಜೀವಿ ಅಪರಾಧ. ಮೊದಲ ಪಟ್ಟಿಯ ಪ್ರಾಣಿಯಾದರೆ ಕನಿಷ್ಠ 3, ಗರಿಷ್ಠ 7 ವರ್ಷ ಸೆರೆ, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಅರಣ್ಯ ಇಲಾಖೆ ಕ್ರಮ ಕೈಗೊಳ್ಳದಿದ್ದರೆ ವನ್ಯಜೀವಿ ಕಾಯ್ದೆಯ 55ನೇ ಕಲಮು ಸಾಮಾನ್ಯ ನಾಗರಿಕನಿಗೂ ಅವಕಾಶ ಕೊಟ್ಟಿದೆ. ಅಪರಾಧ ಯಾವುದು, ತಾನು ದೂರು ಹಾಕಲಿದ್ದೇನೆ ಎಂಬುದನ್ನು ತಿಳಿಸಿ ಕನಿಷ್ಠ 60 ದಿನದ ನೋಟಿಸ್ ಕೊಟ್ಟು, ಆಮೇಲೆ ನೇರ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ನೋಟಿಸಿಗೆ ಅಂಚೆ ಸ್ವೀಕೃತಿ ಇರಲೇಬೇಕು. ಅದಿಲ್ಲದೆ ದಿನ ಎಣಿಸಲಾಗದು. ಅಧಿಕಾರಿಗಳ ನಿಷ್ಕ್ರಿಯತೆಯನ್ನೇ ಪ್ರಶ್ನಿಸುವುದಾದರೆ ಹೈಕೋರ್ಟಿನ ಕಲಬುರಗಿ ಪೀಠ ಊರಲ್ಲೇ ಇದೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂದದ್ದು 2013ರಿಂದ ಕಾಯಂ. ನ್ಯಾಯಮಂಡಳಿ ಇದೆ ಎಂಬ ಕಾರಣಕ್ಕೆ ಸಂವಿಧಾನದ 226ನೇ ವಿಧಿ ಹೈಕೋರ್ಟಿಗೆ ಕೊಟ್ಟ ಅಧಿಕಾರ ಹೋಗಿಲ್ಲ ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ವನ್ಯಜೀವಿ ಕಾಯ್ದೆಯೇ ಕೇಂದ್ರವಾದ ವಿಷಯಕ್ಕೆ ಅದೇ ತಕ್ಕ ಜಾಗ. ಗಿರ್ ಸಿಂಹಗಳ ಸ್ಥಳಾಂತರ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ‘ಆ ಪ್ರಭೇದದ ಹಿತವೇ ಮೊದಲು’ ಎಂಬ ಅಳತೆಗೋಲನ್ನು ಅಲ್ಲಿ ಮಂಡಿಸಬಹುದು.

60 ದಿನದ ನೋಟಿಸ್ ಎಂಬುದು ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ 1973ರ ಅಳಿವಿನಂಚಿನ ಪ್ರಭೇದ ಕಾಯ್ದೆಯಲ್ಲೂ ನಾಗರಿಕರು ದಾವೆ ಹೂಡುವ ಮುನ್ನ ಅಷ್ಟೇ ದಿನದ ನೋಟಿಸ್ ಬೇಕು. ವ್ಯತ್ಯಾಸ ಆಮೇಲಿನದು. ಅಲ್ಲಿ ಆ ಕಾಯ್ದೆಯ ಕೆಳಗೇ ನ್ಯಾಯಾಲಯ ಯೋಜನೆ ನಿಲ್ಲಿಸಬಲ್ಲದು. 1978ರಲ್ಲಿ ಬೆರಳುದ್ದದ ಸ್ನೇಲ್ ಡಾರ್ಟರ್ ಮೀನಿಗಾಗಿ, ಬಹುಪಾಲು ಮುಗಿದಿದ್ದ ಟೆಲಿಕೊ ಅಣೆಕಟ್ಟೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ ತಡೆಯಿತು. ಮರುವರ್ಷ ಸಂಸತ್ತು ವಿನಾಯಿತಿ ಕೊಟ್ಟು ಕಟ್ಟೆ ಮುಗಿಸಿತು. ಮೀನನ್ನು ಬೇರೆ ಹೊಳೆಗಳಿಗೆ ಬಿಟ್ಟು ಉಳಿಸಲಾಯಿತು, 2022ರಲ್ಲಿ ಪಟ್ಟಿಯಿಂದ ಹೊರಬಂತು. ನಮ್ಮಲ್ಲಿ ಅಪರಾಧಿಗೆ ಶಿಕ್ಷೆ ಒಂದು ನ್ಯಾಯಾಲಯದಲ್ಲಿ, ಹೊಳೆಯ ರಕ್ಷಣೆ ಇನ್ನೊಂದರಲ್ಲಿ.

ಅರ್ಜಿ ಬರೆಯುವ ಶಕ್ತಿ ಇಲ್ಲದವರಿಗೆ ಒಂದು ಸಣ್ಣ ಕಿಂಡಿ ಇದೆ. ಸುಪ್ರೀಂ ಕೋರ್ಟಿನ 2021ರ ಅಕ್ಟೋಬರ್ 7ರ ಅಂಕಿತಾ ಸಿನ್ಹಾ ತೀರ್ಪಿನ ನಂತರ ನ್ಯಾಯಮಂಡಳಿ ಸ್ವಪ್ರೇರಣೆಯಿಂದ ಪ್ರಕರಣ ಎತ್ತಿಕೊಳ್ಳಬಹುದೆಂಬುದು ಖಚಿತವಾಗಿದೆ. ಪತ್ರ, ಪತ್ರಿಕಾ ವರದಿಯ ಮೇಲೂ ಆಗಬಹುದು. ಎರಡು ಪುಟ, ನಾಲ್ಕು ದಿನಾಂಕ ಸಹಿತ ಫೋಟೊ, ಅನುಮತಿಯ ಸಂಖ್ಯೆ, ಉಲ್ಲಂಘನೆಯಾದ ಷರತ್ತು, ಇಷ್ಟಿರುವ ಪತ್ರ ಬರೆಯಬಹುದು. ಇದು ಹಕ್ಕಲ್ಲ, ಎತ್ತಿಕೊಳ್ಳುವುದು ಬಿಡುವುದು ಅವರಿಗೆ ಬಿಟ್ಟದ್ದು. 6 ತಿಂಗಳ ಗಡಿಯಾರ ಇದಕ್ಕಾಗಿ ನಿಲ್ಲುವುದೂ ಇಲ್ಲ. ಪತ್ರ ಕಳಿಸಿ ಕಾಯುತ್ತಾ ಕುಳಿತರೆ ಅರ್ಜಿಯ ಅವಧಿಯೂ ಹೋಗುತ್ತದೆ.

ವಿಚಾರಣೆ 6 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಅದನ್ನು ಭರವಸೆ ಎಂದು ತಿಳಿಯಬೇಡಿ. ಆದೇಶ ಬಂದ ದಿನ ಕೆಲಸ ಮುಗಿದಂತೆಯೂ ಅಲ್ಲ. ಅದು ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆ ಜಾರಿಯಾಗಬಲ್ಲದು, ಪಾಲಿಸದವರಿಗೆ 3 ವರ್ಷದವರೆಗೆ ಸೆರೆ ಅಥವಾ 10 ಕೋಟಿ ರೂಪಾಯಿವರೆಗೆ ದಂಡ ಇದೆ. ಜಾರಿ ಅರ್ಜಿ ಹಾಕಬೇಕಾದವರು ಮಾತ್ರ ಅರ್ಜಿದಾರರೇ. ಆದೇಶದಲ್ಲಿ ಗಡುವಿನ ದಿನಾಂಕ, ಹೊಣೆಗಾರ ಅಧಿಕಾರಿಯ ಹುದ್ದೆ, ವರದಿ ಸಲ್ಲಿಸುವ ದಿನ, ಈ ಮೂರೂ ಇರುವಂತೆ ಕೊನೆಯ ವಿಚಾರಣೆಯಲ್ಲೇ ಕೇಳಿ ಪಡೆಯಿರಿ. ಮುಂದಿನ ಫೆಬ್ರುವರಿಗೆ ಹೊಳೆ ಇಳಿದಾಗ, ಆದೇಶ ಬಂದ ದಿನದ ಉಪಗ್ರಹ ಚಿತ್ರವನ್ನೂ ಆ ವಾರದ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ದಂಡೆಯ ಗೆರೆ ಒಳಗೆ ಸರಿದಿದ್ದರೆ ಜಾರಿ ಅರ್ಜಿಗೆ ಮೊದಲ ಅಡಕ ಅದೇ.